ಎಳೆ ಕೂಡಿಸುವ ಕೈಗೆ ಬೆಲೆ ಬೇಡವೇ?

ಉಪ್ಪಲ್ ರಿಂಗ್ ರಸ್ತೆಯ ಬದಿಯಲ್ಲಿ ಏಣಿ ಹತ್ತಿ, ಕಂಬದ ಪೆಟ್ಟಿಗೆ ತೆರೆದು, ಗಾಜಿನೆಳೆಯ ಬಿರಡೆಯನ್ನು ಒರೆಸಿ ಕೂರಿಸುವ ತರುಣರನ್ನು ನಾವೆಲ್ಲ ಕಂಡಿದ್ದೇವೆ. ಕಂಡೂ ಸುಮ್ಮನೆ ಮುಂದೆ ನಡೆದಿದ್ದೇವೆ. ಹೋಟೆಲಿನ ಗಲ್ಲಾದಲ್ಲಿ ಗಿರಾಕಿ ಫೋನಿನಿಂದ ಸಲ್ಲಿಸುವ ಹಣವೂ ಊರಿನಿಂದ ಬರುವ ತಾಯಿಯ ದನಿಯೂ ತಮ್ಮ ಹಾದಿಯ ಬಹುಪಾಲನ್ನು ಇಂಥ ಎಳೆಯಲ್ಲಿಯೇ ಬೆಳಕಾಗಿ ಸಾಗಿ ಬರುತ್ತವೆಂಬುದನ್ನು ನೆನೆದವರು ಕಡಿಮೆ.

ಗಾಜಿನೆಳೆಗಳ ಕಂತೆಯ ಮೂಲಕ ಚಿತ್ರವನ್ನು ಕಳುಹಿಸಬಹುದೆಂದು 1954ರಲ್ಲಿ ಜಗತ್ತಿಗೆ ತಿಳಿಸಿದವರು ಪಂಜಾಬಿನ ಮೋಗಾದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿ ಮತ್ತು ಲಂಡನ್ನಿನಲ್ಲಿ ಅವರ ಗುರುಗಳಾಗಿದ್ದ ಹೆರಾಲ್ಡ್ ಹಾಪ್ಕಿನ್ಸ್. ಆದರೆ ಎಳೆಯೊಂದಿದ್ದರೆ ಸಾಲದು, ಎಳೆಗೆ ಎಳೆ ಕೂಡಬೇಕು. ಗಿರಣಿಯ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೂಲು ಕಡಿದರೆ ಬೆರಳಿನಿಂದ ಹೊಸೆದು ಕೂಡಿಸಬಹುದು. ಇಲ್ಲಿ ಹಾಗಲ್ಲ. ದೂರಕ್ಕೆ ಸಂದೇಶ ಒಯ್ಯುವ ಗಾಜಿನೆಳೆಯೊಳಗೆ ಬೆಳಕು ಹರಿಯುವ ತಿರುಳಿನ ದಪ್ಪ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಸುಮಾರು 9 ಪಾಲು ಮಾತ್ರ. ಎರಡು ತಿರುಳುಗಳು ನೇರ ಎದುರುಬದುರಾಗದಿದ್ದರೆ ಬೆಳಕು ಸೋರಿಹೋಗುತ್ತದೆ. ನಡುವೆ ಗಾಳಿ ಉಳಿದರೆ ಗಾಜಿನ ಒಂದೊಂದು ಮುಖದಲ್ಲಿಯೂ ನೂರಕ್ಕೆ ಸುಮಾರು 4 ಪಾಲು ಬೆಳಕು ಹಿಂದಿರುಗುತ್ತದೆ.

ಈ ತೊಡಕನ್ನು ಬಿಡಿಸಲು ದುಡಿದವರಲ್ಲಿ ಜಪಾನಿನ ಎನ್.ಟಿ.ಟಿ. ದೂರವಾಣಿ ಸಂಸ್ಥೆಯ ಎತ್ಸುಜಿ ಸುಗಿತಾ ಒಬ್ಬರು. ಆ ಸಂಸ್ಥೆಯಲ್ಲಿ ಸಿದ್ಧವಾದ ಎಸ್.ಸಿ. ಕನೆಕ್ಟರಿನ ವಿವರವನ್ನು ಅವರೂ ಸಂಗಡಿಗರೂ 1989ರಲ್ಲಿ ಪ್ರಕಟಿಸಿದರು. 2.5 ಮಿಲಿಮೀಟರ್ ದಪ್ಪದ ಪಿಂಗಾಣಿ ಕಡ್ಡಿಯ ನಟ್ಟನಡುವೆ ಎಳೆಯನ್ನು ಕೂರಿಸಿ, ತುದಿಯನ್ನು ತುಸು ಉಬ್ಬುವಂತೆ ಉಜ್ಜಿ ನಯಗೊಳಿಸಿ, ಸ್ಪ್ರಿಂಗಿನ ಒತ್ತಡದಿಂದ ಗಾಜಿಗೆ ಗಾಜನ್ನು ಮುಟ್ಟಿಸುವುದೇ ಇದರ ಮರ್ಮ. ಒತ್ತಿದರೆ ಕೂಡುತ್ತದೆ, ಎಳೆದರೆ ಬಿಡುತ್ತದೆ. ಹಲವು ಮನೆಗಳ ಇಂಟರ್ನೆಟ್ ಪೆಟ್ಟಿಗೆಯ ಹಿಂದಿರುವ ನೀಲಿ ಇಲ್ಲವೆ ಹಸಿರು ಚೌಕದ ಬಿರಡೆ ಇದೇ.

ಆದರೆ ಈ ಜಾಣ್ಮೆಯೆಲ್ಲ ಕಡೆಗೆ ನಂಬಿರುವುದು ಕೆಲಸಗಾರನ ಕೈಯನ್ನು. ಕಣ್ಣಿಗೆ ಕಾಣದ ಒಂದು ಧೂಳಿನ ಕಣ ತುದಿಗೆ ಅಂಟಿದ್ದರೆ ಸಂಪರ್ಕ ಕೆಡುತ್ತದೆ. ಒರೆಸದೆ ಒತ್ತಿದರೆ ಗಾಜಿಗೆ ಗೀರು ಬೀಳುತ್ತದೆ. ಕತ್ತರಿಸಿದೆಳೆಯ ಚೂರು ಚರ್ಮದೊಳಗೆ ಹೊಕ್ಕರೆ ಹುಡುಕಿ ತೆಗೆಯುವುದು ಕಷ್ಟ. ಎಳೆಯಲ್ಲಿ ಹರಿಯುವ ಬೆಳಕೂ ಕಣ್ಣಿಗೆ ಕಾಣದ ಬಗೆಯದು. ತುದಿಯನ್ನು ಕಣ್ಣಿಗೆ ಹಿಡಿದು ನೋಡುವುದು ಅಪಾಯ.

ಇದು ವಾರದಲ್ಲಿ ಕಲಿಯುವ ಕೂಲಿಯೆಂದು ಹೇಳುವವರುಂಟು. ಹದವಾಗಿ ದೋಸೆ ಹುಯ್ಯುವುದೂ ವಾರದ ವಿದ್ಯೆಯಲ್ಲವೆಂದು ನಾವು ಬಲ್ಲೆವು. ಆದುದರಿಂದ ಇದನ್ನು ನುರಿತವರ ಕೆಲಸವೆಂದು ಎಣಿಸಿ ಅದಕ್ಕೆ ತಕ್ಕ ವೇತನ ಕೊಡಬೇಕು. ರಕ್ಷಣೆಯ ಕನ್ನಡಕವನ್ನೂ ಗಾಜಿನ ಚೂರು ಹಾಕುವ ಮುಚ್ಚಳದ ಡಬ್ಬಿಯನ್ನೂ ಗುತ್ತಿಗೆದಾರನೇ ಒದಗಿಸಬೇಕು. ನಮ್ಮ ಸಂಘವಾದರೂ ಸದಸ್ಯರ ಗಂಡು ಹೆಣ್ಣು ಮಕ್ಕಳಿಗೆ ಬಿಡುವಿನ ದಿನ ಈ ವಿದ್ಯೆಯನ್ನು ಕನ್ನಡದಲ್ಲಿ ಕಲಿಸುವ ತರಗತಿಯೊಂದನ್ನು ತೆರೆಯಬೇಕು. ಮುಂದಿನ ಸಭೆಯಲ್ಲಿ ಬಂಧುಗಳು ಈ ವಿಷಯವನ್ನೆತ್ತಿ ಒಂದು ತೀರ್ಮಾನಕ್ಕೆ ಬರಬೇಕೆಂದು ನಮ್ಮ ವಿನಂತಿ.