ಹೋದವರಿಂದ ಧನ ಕೇಳಿದೆವು, ಕಾಯಕ ಕೇಳಲಿಲ್ಲ

ಕಳೆದ ತಿಂಗಳು ನಮ್ಮೂರ ಮಠದ ಶಿವಾನುಭವ ಗೋಷ್ಠಿಯಲ್ಲಿ ಉಪನ್ಯಾಸಕರೊಬ್ಬರು ಗುಡುಗಿದರು. ಮಠದ ಪ್ರಸಾದ ಉಂಡು, ಸರ್ಕಾರದ ಖರ್ಚಿನಲ್ಲಿ ಓದಿ, ಅಮೆರಿಕಕ್ಕೆ ಹಾರಿದವರು ಋಣಗೇಡಿಗಳು ಎಂದರು. ಚಪ್ಪಾಳೆ ಬಿತ್ತು. ಅರ್ಧ ಗಂಟೆಯಾದ ಮೇಲೆ ಅದೇ ವೇದಿಕೆಯಲ್ಲಿ, ದಾಸೋಹ ಭವನಕ್ಕೆ ದೇಣಿಗೆ ಕೊಟ್ಟ ಅಮೆರಿಕದ ವೈದ್ಯ ದಂಪತಿಗೆ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಚಪ್ಪಾಳೆ ಇನ್ನೂ ಜೋರಾಗಿ ಬಿತ್ತು. ಎರಡಕ್ಕೂ ತಟ್ಟಿದವರಲ್ಲಿ ನಾನೂ ಒಬ್ಬ.

ರಾತ್ರಿ ನಿದ್ದೆ ಬರಲಿಲ್ಲ. ಆ ಋಣಗೇಡಿಗಳ ಪಟ್ಟಿಯಲ್ಲಿ ನನ್ನ ಮಗನೂ ಇದ್ದಾನೆ. ಎಚ್‌-1ಬಿ ವೀಸಾದ ಮೇಲೆ ಹೋಗಿ 13 ವರ್ಷವಾಯಿತು. ಅಮೆರಿಕ ಉದ್ಯೋಗದ ಆಧಾರದಲ್ಲಿ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡು ಸುಮಾರು 1,40,000. ಅದರಲ್ಲಿ ಯಾವುದೇ ಒಂದು ದೇಶದವರಿಗೆ ಶೇ. 7ರ ಮಿತಿ. ನಮ್ಮವರ ಸಾಲು ಎಷ್ಟು ಉದ್ದವಿದೆಯೆಂದರೆ, ಮಗ ಇನ್ನೂ ಅದರಲ್ಲೇ ನಿಂತಿದ್ದಾನೆ. ನನ್ನ ತಾಯಿ ಲಿಂಗೈಕ್ಯರಾದಾಗ ಅವನು ಶಿವಗಣಾರಾಧನೆಗೆ ಬರಲಿಲ್ಲ. ಬಂದರೆ ವೀಸಾ ಮುದ್ರೆಗೆ ದಿನಾಂಕ ಸಿಗುವವರೆಗೆ ಇಲ್ಲೇ ಸಿಕ್ಕಿಕೊಳ್ಳುವ ಭಯ. ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗ, ಫೋನಿನಲ್ಲೇ ಅತ್ತ. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಅಧ್ಯಕ್ಷರು ಹೊಸ ಎಚ್‌-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದಾಗ, ನಮ್ಮ ಬೀದಿಯ ಎಷ್ಟು ಮನೆಗಳಲ್ಲಿ ದೀಪ ಆರಲಿಲ್ಲವೋ ಬಲ್ಲೆ. ಇವರನ್ನು ಸುಖಕ್ಕೆ ಓಡಿದವರು ಎನ್ನುವುದು ಸುಲಭ.

ಋಣದ ಪ್ರಶ್ನೆ ಸುಳ್ಳಲ್ಲ. ನಾನೂ ಮಠದ ಉಚಿತ ಪ್ರಸಾದ ನಿಲಯದಲ್ಲಿದ್ದು ಎಂಜಿನಿಯರಿಂಗ್ ಮುಗಿಸಿದವನು. ಜೋಳಿಗೆಗೆ ಬಿದ್ದ ಜೋಳ ಯಾರ ಹೊಲದ್ದು ಎಂದು ಮರೆತಿಲ್ಲ. ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿಯವರು 1970ರ ದಶಕದಲ್ಲೇ ಒಂದು ಸಲಹೆ ಕೊಟ್ಟಿದ್ದರು: ವಲಸೆ ಹೋದ ಪರಿಣತರ ವರಮಾನದ ಮೇಲೆ ತೆರಿಗೆ ಹಾಕಿ, ಅದನ್ನು ಬಡ ದೇಶಗಳ ಅಭಿವೃದ್ಧಿಗೆ ಕೊಡಬೇಕು ಎಂದು. ಅದು ಜಾರಿಗೆ ಬರಲಿಲ್ಲ. ಹಣವೇನೋ ತೆರಿಗೆಯಿಲ್ಲದೆಯೇ ಬರುತ್ತಿದೆ. ಹೊರಗಿರುವ ಭಾರತೀಯರೆಲ್ಲ ಸೇರಿ ಊರಿಗೆ ಕಳಿಸುವ ಮೊತ್ತ ಈಗ ವರ್ಷಕ್ಕೆ 100 ಬಿಲಿಯನ್ ಡಾಲರ್ ದಾಟಿದೆ. ಅದರಲ್ಲಿ ಕೊಲ್ಲಿ ದೇಶಗಳಲ್ಲಿ ಬಿಸಿಲಿಗೆ ದುಡಿಯುವ ಕೂಲಿಗಳ ಬೆವರೂ ಇದೆ. ಆದರೆ ಹಣ ಬಂದರೆ ಕೈ ಬಂದಂತಾಯಿತೇ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದು ನೀರಾವರಿ ಉಪವಿಭಾಗದ ಹೊಣೆ ಹೊತ್ತಿದ್ದೆ. ಜಲಶಾಸ್ತ್ರದಲ್ಲಿ ಎಂ.ಟೆಕ್. ಮಾಡಿದ ಹುಡುಗನೊಬ್ಬ ಸಹಾಯಕ ಎಂಜಿನಿಯರ್ ಆಗಿ ಬಂದ. ನಮ್ಮ ಉಪಕಾಲುವೆಯ ಕೊನೆಯ ರೈತರಿಗೆ ನೀರು ತಲುಪುತ್ತಿರಲಿಲ್ಲ. ಯಾರೂ ಹೇಳದೆಯೇ ಆತ ಮೂರು ತಿಂಗಳು ಬೈಕಿನಲ್ಲಿ ಓಡಾಡಿ, ಪ್ರತಿ ತೂಬಿನಲ್ಲೂ ಹರಿವು ಅಳೆದ. ಯಾವ ತೂಬು ಯಾವ ದಿನ ಎಷ್ಟು ಗಂಟೆ ತೆರೆದರೆ ಕೊನೆಯ ಹೊಲಕ್ಕೂ ನೀರು ಹೋಗುತ್ತದೆಂದು ಸರದಿಯ ಪಟ್ಟಿ ಮಾಡಿ ಫೈಲು ತಂದಿಟ್ಟ. ಮಾರ್ಚ್ ತಿಂಗಳು. ನಾನು ಫೈಲು ತೆರೆಯಲೂ ಇಲ್ಲ. "ಮೊದಲು ಎಂ.ಬಿ. ಬರೆದು ಮುಗಿಸಪ್ಪಾ, ಗುತ್ತಿಗೆದಾರರ ಬಿಲ್ಲು ಈ ತಿಂಗಳೊಳಗೆ ಹೋಗಬೇಕು" ಎಂದೆ. ಮುಂದಿನ ವರ್ಷವೂ ಅದನ್ನೇ ಹೇಳಿದೆ. ಮೇಲಿನ ತೂಬುಗಳನ್ನು ಮುಚ್ಚಿಸಲು ಹೋಗಿ ಊರಿನ ದೊಡ್ಡವರ ಸಿಟ್ಟಿಗೆ ಸಿಕ್ಕ ಆತನಿಗೆ ಎರಡು ಸಲ ವರ್ಗವಾಯಿತು. ನಾನು ಬಾಯಿ ಬಿಡಲಿಲ್ಲ. ರಾಜೀನಾಮೆ ಕೊಟ್ಟು ಹೋದವನು ಈಗ ನೆದರ್ಲೆಂಡ್ಸ್‌ನಲ್ಲಿ ನೀರಿನ ಕೆಲಸವನ್ನೇ ಮಾಡುತ್ತಿದ್ದಾನೆ.

ನನ್ನ ನಿವೃತ್ತಿಯ ದಿನ ಫೋನ್ ಮಾಡಿದ. ಆರೋಗ್ಯ ವಿಚಾರಿಸಿದ, ಅಮ್ಮನವರು ಹೇಗಿದ್ದಾರೆ ಎಂದು ಕೇಳಿದ. ಕೊನೆಗೆ, "ಸರ್, ಆ ತೂಬಿನ ಫೈಲು ಏನಾಯಿತು?" ಎಂದ. ಬೀರುವಿನಲ್ಲಿತ್ತು. ಆಮೇಲೆ ಬೀರುವೇ ಗುಜರಿಗೆ ಹೋಯಿತು. ಅದನ್ನು ಅವನಿಗೆ ಹೇಳಲಾಗಲಿಲ್ಲ.

ಆ ಹುಡುಗ ಸಂಬಳಕ್ಕಾಗಿ ಹೋದನೆಂದು ನಾನೇ ಎಷ್ಟೋ ಜನರಿಗೆ ಹೇಳಿದ್ದೆ. ಸಂಬಳವೂ ಒಂದು ಕಾರಣ, ಇಲ್ಲವೆನ್ನುವುದಿಲ್ಲ. ಆದರೆ ಕಲಿತ ವಿದ್ಯೆಗೆ ಕೆಲಸ ಸಿಗದಿದ್ದರೆ ವಿದ್ಯಾವಂತ ನಿಲ್ಲುವುದಿಲ್ಲ. ಸಿಕ್ಕರೆ ಹೊರಗಿನವನೂ ಬರುತ್ತಾನೆ. ವಿಶ್ವೇಶ್ವರಯ್ಯನವರಿಗೆ ಮೈಸೂರಿನ ಮುಖ್ಯ ಎಂಜಿನಿಯರ್ ಹುದ್ದೆಗೆ ಕರೆ ಬಂದಾಗ, ಅವರು ಒಪ್ಪುವ ಮೊದಲು ಕೈಗಾರಿಕೆಗೆ, ತಾಂತ್ರಿಕ ಶಿಕ್ಷಣಕ್ಕೆ ಸಂಸ್ಥಾನದಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿಕೊಂಡರು. 1909ರಲ್ಲಿ ಬಂದರು, ಎರಡು ವರ್ಷದಲ್ಲಿ ಕನ್ನಂಬಾಡಿ ಕಟ್ಟೆ ಶುರುವಾಯಿತು. ಯುದ್ಧದಲ್ಲಿ ಸೋತ ಜರ್ಮನಿಯಲ್ಲಿ ವಿಮಾನ ಕಟ್ಟುವ ಅವಕಾಶ ತಪ್ಪಿದ ಕುರ್ಟ್ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿನ ಎಚ್‌.ಎ.ಎಲ್‌.ಗೆ ಬಂದರು. 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿತು. ದಕ್ಷಿಣ ಕೊರಿಯಾ 1966ರಲ್ಲಿ ಒಂದು ಸಂಶೋಧನಾ ಸಂಸ್ಥೆ ಕಟ್ಟಿ, ಅಮೆರಿಕದಲ್ಲಿದ್ದ ತನ್ನ ವಿಜ್ಞಾನಿಗಳನ್ನು ವಾಪಸ್ ಕರೆಸಿತು. ಪ್ರಾಧ್ಯಾಪಕರಿಗಿಂತ ಹೆಚ್ಚು ಸಂಬಳ ಕೊಟ್ಟಿತು, ಜೊತೆಗೆ ಮಾಡಲು ಕೆಲಸವನ್ನೂ ಕೊಟ್ಟಿತು. ಇನ್ನು ನಮ್ಮ ಕಲ್ಯಾಣಕ್ಕೆ ಕಾಶ್ಮೀರದಿಂದ ಮೋಳಿಗೆ ಮಾರಯ್ಯನವರು, ಅಫ್ಘಾನಿಸ್ತಾನದ ಕಡೆಯಿಂದ ಮರುಳಶಂಕರದೇವರು ಬಂದರೆಂದು ಪರಂಪರೆ ಹೇಳುತ್ತದೆ. ಅವರನ್ನು ಕಾಶ್ಮೀರದ ಋಣಗೇಡಿ ಎಂದು ನಾವು ಎಂದಾದರೂ ಕರೆದೆವೇ?

ತನು, ಮನ, ಧನ ಮೂರನ್ನೂ ಸವೆಸಬೇಕೆಂದು ಗೋಷ್ಠಿಗಳಲ್ಲಿ ಹೇಳುತ್ತೇವೆ. ವಿದೇಶದಲ್ಲಿರುವ ನಮ್ಮ ಮಕ್ಕಳಿಂದ ಮಾತ್ರ ಧನ ಒಂದನ್ನೇ ಕೇಳಿ, ಹೆಸರು ಕೆತ್ತಿದ ಗ್ರಾನೈಟ್ ಫಲಕ ಹಾಕಿಸುತ್ತೇವೆ. ನಮ್ಮ ಮಠಗಳೂ ಸಂಘಸಂಸ್ಥೆಗಳೂ ನಡೆಸುವ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿ ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್ ಎಂದು ಹಳೆಯ ವರದಿಗಳನ್ನೇ ಮತ್ತೆ ಟೈಪ್ ಮಾಡಿಸಿ ಕೊಡುವುದನ್ನು ಪರೀಕ್ಷಕನಾಗಿ ಹೋಗಿ ನೋಡಿದ್ದೇನೆ. ಅವರಿಗೆ ವಾರಕ್ಕೆ ಎರಡು ಗಂಟೆ ಮಾರ್ಗದರ್ಶನ ಮಾಡಬಲ್ಲವರು ಹೂಸ್ಟನ್‌ನಲ್ಲೋ ಮ್ಯೂನಿಕ್‌ನಲ್ಲೋ ಇದ್ದಾರೆ. ವಿದೇಶದಲ್ಲಿರುವ ವಿಜ್ಞಾನಿಗಳನ್ನು ಕೆಲ ತಿಂಗಳ ಮಟ್ಟಿಗೆ ಕರೆಸಲು ಕೇಂದ್ರ ಸರ್ಕಾರ 2017ರಲ್ಲಿ 'ವಜ್ರ' ಎಂಬ ಯೋಜನೆ ತಂದಿತು. ಆದರೆ ಅದು ಸರ್ಕಾರಿ ಅನುದಾನದ ಸಂಸ್ಥೆಗಳಿಗೆ. ನಮಗೆ ಯೋಜನೆಯ ಅಗತ್ಯವೂ ಇಲ್ಲ, ಒಂದು ಫೋನ್ ಸಾಕು. ಇದರಿಂದ ಹೋದವರೆಲ್ಲ ಬಂದಾರು ಎಂದಲ್ಲ. ಇಲ್ಲೇ ಉಳಿದ ಮಕ್ಕಳ ಕೈಗೆ ಒಂದು ನಿಜವಾದ ಕೆಲಸ ಬೀಳುತ್ತದೆ ಎಂದು.

ಹೀಗೆಂದು ಗೋಷ್ಠಿಯ ಮರುದಿನ ನೆದರ್ಲೆಂಡ್ಸ್‌ಗೆ ಫೋನ್ ಮಾಡಿದೆ. ಬೀರು ಗುಜರಿಗೆ ಹೋದ ಸಂಗತಿಯನ್ನೂ ಹೇಳಿದೆ. ಆತ ನಕ್ಕ. ತೂಬಿನ ಅಳತೆಗಳ ಪ್ರತಿ ತನ್ನ ಬಳಿ ಇದೆಯಂತೆ. ನಾಲ್ಕು ವಿದ್ಯಾರ್ಥಿಗಳನ್ನು ಕೊಟ್ಟರೆ ಮತ್ತೆ ಅಳೆಸೋಣ, ಭಾನುವಾರ ಸಂಜೆ ತಾನು ಬಿಡುವು ಮಾಡಿಕೊಳ್ಳುತ್ತೇನೆ ಎಂದ. ಪ್ರಾಂಶುಪಾಲರು ಮೂವರನ್ನು ಕೊಟ್ಟಿದ್ದಾರೆ. ಮಗನಿಗೂ ಹೇಳಿದ್ದೇನೆ, ಹರಿವಿನ ಲೆಕ್ಕಕ್ಕೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಹೊಣೆ ಅವನದು. ಮಕ್ಕಳನ್ನು ಕಾಲುವೆ ಏರಿಯ ಮೇಲೆ ಕರೆದುಕೊಂಡು ಹೋಗಲು ನಾನಿದ್ದೇನೆ. ಕಾಲುವೆಗೆ ನೀರು ಬಿಟ್ಟ ದಿನ ಮೊದಲ ತೂಬಿನಿಂದ ಶುರು ಮಾಡುತ್ತೇವೆ.