ಪ್ಲೇಟ್‌ಲೆಟ್ ಇಳಿದರೆ ಡೆಂಗಿ ಒಂದೇ ಅಲ್ಲ: ಹೆಪಾರಿನ್ ಪಡೆದವರು ಗಮನಿಸಿ

ಜಯನಗರ: ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಕಡಿಮೆ ಅಂದ್ರೆ ಎಲ್ಲರ ಬಾಯಲ್ಲೂ ಬರೋದು ಡೆಂಗಿ. 2024ರಲ್ಲಿ ರಾಜ್ಯ ಸರ್ಕಾರವೇ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಆದರೆ ಹೃದಯ, ರಕ್ತನಾಳದ ಚಿಕಿತ್ಸೆ ಮುಗಿಸಿ ಮನೆಗೆ ಬಂದವರಲ್ಲಿ ಇನ್ನೊಂದು ಕಾರಣವೂ ಇರಬಹುದು: ಹೆಪಾರಿನ್.

ಆಂಜಿಯೋಪ್ಲಾಸ್ಟಿ, ಕಾಲಿನ ರಕ್ತನಾಳದ ಆಪರೇಷನ್, ಡಯಾಲಿಸಿಸ್ ವೇಳೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್ ಇದು. ಅಪರೂಪಕ್ಕೆ ಕೆಲವರ ದೇಹ ಈ ಔಷಧಿ ಅಂಟಿಕೊಂಡ ಪ್ಲೇಟ್‌ಲೆಟ್ ಪ್ರೋಟೀನ್ ವಿರುದ್ಧವೇ ಪ್ರತಿಕಾಯ ಸೃಷ್ಟಿಸುತ್ತದೆ. ಆಗ ಪ್ಲೇಟ್‌ಲೆಟ್ ಇಳಿಯುತ್ತೆ, ಆದರೆ ರಕ್ತ ಸೋರುವ ಬದಲು ಹೆಪ್ಪುಗಟ್ಟುತ್ತೆ. ಕೋವಿಶೀಲ್ಡ್ ಬಗ್ಗೆ 2024ರಲ್ಲಿ ಸುದ್ದಿಯಾದ ಅಪರೂಪದ ತೊಂದರೆಯೂ ಇದನ್ನೇ ಹೋಲುತ್ತದೆ.

ಸಾಮಾನ್ಯವಾಗಿ ಇಂಜೆಕ್ಷನ್ ಶುರುವಾದ 5ರಿಂದ 10 ದಿನದಲ್ಲಿ ಇದು ಕಾಣಿಸುತ್ತೆ. ತೊಡಕು ಇರೋದು ಇಲ್ಲೇ. ಅಷ್ಟರಲ್ಲಿ ರೋಗಿ ಜಯದೇವದಂಥ ದೊಡ್ಡ ಆಸ್ಪತ್ರೆಯಿಂದ ಡಿಸ್ಚಾರ್ಜ್ ಆಗಿ ಬನಶಂಕರಿಯಲ್ಲೋ ಬಿಟಿಎಂ ಲೇಔಟ್‌ನಲ್ಲೋ ಮನೆ ಸೇರಿರ್ತಾರೆ. ಮನೆಯವರು ಹೇಳದಿದ್ದರೆ ಪಕ್ಕದ ಕ್ಲಿನಿಕ್ ವೈದ್ಯರಿಗೆ ಹೆಪಾರಿನ್ ವಿಷಯ ಗೊತ್ತಾಗಲ್ಲ.

ಕಾಲು ಊದಿ ನೋವು, ಎದೆನೋವು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಅನುಮಾನ ಬಲವಾದರೆ ವೈದ್ಯರು ಹೆಪಾರಿನ್ ನಿಲ್ಲಿಸಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಬೇರೆ ಔಷಧಿ ಕೊಡ್ತಾರೆ.

ಹಾಗಂತ ಹೆದರಿ ಮನೆಯಲ್ಲಿ ತಗೊಳ್ತಿರುವ ಮಾತ್ರೆಗಳನ್ನು ತಾವಾಗಿಯೇ ಬಿಡಬಾರದು. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಇನ್ನೂ ದೊಡ್ಡ ಅಪಾಯ.