ಒಂದು ದಿನ, ಒಂದು ಊರು: ಭಟ್ಕಳವನ್ನು ನಡೆದೇ ನೋಡೋಣ



ವಿದೇಶದಲ್ಲಿರುವ ಮಗಳೋ ಸೊಸೆಯೋ ಲಿಸ್ಬನ್ನಿನಂಥ ಹಳೇ ಪಟ್ಟಣವನ್ನು ಇಡೀ ದಿನ ನಡೆದೇ ನೋಡಿದೆವೆಂದು ಫೋಟೋ ಕಳಿಸಿದರೆ, ನಾವು ಅದನ್ನು ನೆರೆಮನೆಗೂ ತೋರಿಸಿ ಬರುತ್ತೇವೆ. ಅದೇ ಲಿಸ್ಬನ್ನಿನ ಹಡಗುಗಳು ಐನೂರು ವರ್ಷಗಳ ಹಿಂದೆ ನಮ್ಮ ಕರಾವಳಿಗೆ ಕರಿಮೆಣಸು ಹುಡುಕಿಕೊಂಡು ಬರುತ್ತಿದ್ದವು! ಹಾಗಿದ್ದೂ ಕುಮಟೆ, ಹೊನ್ನಾವರದ ನಮ್ಮಲ್ಲಿ ಎಷ್ಟು ಜನ ಭಟ್ಕಳವನ್ನು ನೋಡಿದ್ದೇವೆ, ಹೇಳಿ? ಮದುವೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದು, ಪೇಪರಿನಲ್ಲಿ ಓದಿದ್ದು, ಅಷ್ಟೇ. 1993ರ ಗಲಭೆಯ ನಂತರವಂತೂ ಪೇಪರಿನಲ್ಲಿ ಆ ಊರಿನ ಹೆಸರು ಕಂಡರೆ ಸಾಕು, ಇನ್ನೇನು ಗಲಾಟೆಯೋ ಅನ್ನುವವರಿದ್ದಾರೆ. ಭಟ್ಕಳದಲ್ಲೇ ಇರುವ ಸೋದರಿಯರನ್ನೂ ಕೇಳುತ್ತೇನೆ: ನಿಮ್ಮ ಬೀದಿ ದಾಟಿ ಆಚೆಯವರ ಬೀದಿಯಲ್ಲಿ ನಡೆದು ಎಷ್ಟು ದಿನವಾಯಿತು? ಕಾಲಿನಿಂದ ನೋಡಿದ ಊರೇ ಬೇರೆ, ಕೇಳಿದ ಊರೇ ಬೇರೆ. ಅದಕ್ಕೇ ಈ ಸಲ ಇಡೀ ದಿನದ ತಿರುಗಾಟಕ್ಕೆ ಹೇಗೆ ತಯಾರಾಗಬೇಕೆಂದು ಹೇಳುತ್ತೇನೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಶುಕ್ರವಾರ ಬೇಡ; ಮಧ್ಯಾಹ್ನದ ನಮಾಜಿನ ಹೊತ್ತಿಗೆ ಪೇಟೆಯ ಅಂಗಡಿಗಳು ಮುಚ್ಚಿರುತ್ತವೆ. ಕುಮಟೆಯಿಂದ ಸುಮಾರು 60 ಕಿ.ಮೀ., ಹೊನ್ನಾವರದಿಂದ ಸುಮಾರು 40. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಖರ್ಚಿಲ್ಲ, ಗುರುತಿನ ಚೀಟಿ ಮಾತ್ರ ಮರೆಯಬೇಡಿ. ಎಂಟೂವರೆಗೆ ಭಟ್ಕಳದಲ್ಲಿ ಇಳಿಯುವ ಹಾಗೆ ಹೊರಡಿ.

‘ಅಡಿಗೆ ಯಾರು ಮಾಡ್ತಾರೆ?’ ಅಂತೀರಾ? ಹಿಂದಿನ ರಾತ್ರಿ ದೋಸೆ ಹಿಟ್ಟು ರುಬ್ಬಿಡಿ, ಸಾರು ಕುದಿಸಿಡಿ. ಅನ್ನಕ್ಕೊಂದು ಕುಕ್ಕರ್ ಇಡುವುದು ಮನೆಯವರಿಗೆ ಬಾರದ ವಿದ್ಯೆಯೇನಲ್ಲ. ಒಂದು ದಿನ ಅವರೇ ಬಡಿಸಿಕೊಂಡು ಉಂಡರೆ ಯಾರ ಮಾನವೂ ಹೋಗುವುದಿಲ್ಲ!

ಚೀಲದಲ್ಲಿ ಒಗ್ಗರಣೆ ಅವಲಕ್ಕಿ, ಬಾಳೆಹಣ್ಣು, ಕೊಡೆ, ಸವೆದ ಹಳೇ ಚಪ್ಪಲಿಯ ಬದಲು ಗಟ್ಟಿ ಚಪ್ಪಲಿ ಇರಲಿ. ಮುರುಗಲ ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಬೆಲ್ಲ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿದರೆ ಬಾಟಲಿ ತುಂಬ ಪಾನಕ. ಮುಖ್ಯವಾದ ಮಾತು: ಪಾಯಖಾನೆ ಸಿಗದೆಂಬ ಸಂಕೋಚಕ್ಕೆ ನೀರು ಕುಡಿಯದೆ ಇರಬೇಡಿ, ಆಮೇಲೆ ಉರಿಮೂತ್ರದಿಂದ ನರಳುವವರು ನಾವೇ. ಇಳಿದ ಕೂಡಲೇ ಬಸ್‌ಸ್ಟ್ಯಾಂಡಿನಲ್ಲಿ, ಊಟದ ಹೋಟೆಲಿನಲ್ಲಿ, ಬಂದರಿಗೆ ಹೊರಡುವ ಮೊದಲು ಒಮ್ಮೆ, ಹೀಗೆ ಮೊದಲೇ ಲೆಕ್ಕ ಹಾಕಿಕೊಳ್ಳಿ.

ಬೆಳಗಿನ ತಂಪಿನಲ್ಲಿ ಕಲ್ಲಿನ ಗುಡಿಗಳನ್ನು ಮುಗಿಸಿ. 16ನೇ ಶತಮಾನದ ಖೇತಪೈ ನಾರಾಯಣ ದೇವಸ್ಥಾನದ ಹೊರಗೋಡೆಯ ಮೇಲೆ ರಾಮಾಯಣದ ಕತೆಯನ್ನೇ ಕೆತ್ತಿದ್ದಾರೆ. ಅವಸರ ಮಾಡದೆ ಸುತ್ತು ಹಾಕುತ್ತ ಯಾವ ಸನ್ನಿವೇಶವೆಂದು ಒಬ್ಬರಿಗೊಬ್ಬರು ಕೇಳಿಕೊಳ್ಳಿ; ಅಜ್ಜಿ ಹೇಳಿದ ಕತೆಗಳೆಲ್ಲ ನೆನಪಾಗುತ್ತವೆ. ಛಾವಣಿ ನೋಡಿದಿರಾ? ಕಲ್ಲಿನದೇ, ಆದರೂ ನಮ್ಮ ಹಂಚಿನ ಮನೆಯ ಹಾಗೆ ಇಳಿಜಾರು. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುವ ಮಳೆ ಆ ಶಿಲ್ಪಿಗಳಿಗೂ ಗೊತ್ತಿತ್ತು. ಅಲ್ಲಿಂದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿ. ಅಂಗಳದ ಎತ್ತರದ ಮಾನಸ್ತಂಭ, ಕಲ್ಲಿನ ಜಾಲಂದ್ರ ನೋಡಿ, ನೆರಳಿನಲ್ಲಿ ಅವಲಕ್ಕಿ ಬಿಚ್ಚುವ ಮೊದಲು ಕಾವಲುಗಾರರನ್ನು ಒಂದು ಮಾತು ಕೇಳಿ.

ಹನ್ನೊಂದರ ನಂತರ ಪೇಟೆ, ಹಳೇ ಕೇರಿಗಳು. ವಿಜಯನಗರಕ್ಕೆ ಬೇಕಾದ ಅರಬೀ ಕುದುರೆಗಳು ಇಳಿಯುತ್ತಿದ್ದುದು ಈ ಊರಿನಲ್ಲಿ. ಸುಮಾರು 1520ರಲ್ಲಿ ಬಂದಿದ್ದ ಪೋರ್ತುಗೀಸ ಪಾಯೆಸ್, ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಭಟ್ಕಳಕ್ಕೆ ಹೋಗುತ್ತಿದ್ದವೆಂದು ಬರೆದಿದ್ದಾನೆ. ಆ ವ್ಯಾಪಾರದ ನೆನಪು ನವಾಯತರ ಮಾತಿನಲ್ಲೇ ಇದೆ: ಕಿವಿಗೊಟ್ಟರೆ ಕೊಂಕಣಿ, ನಡುನಡುವೆ ಅರಬೀ, ಪಾರ್ಸಿ ಶಬ್ದ. ಜಾಮಿಯಾ ಮಸೀದಿಯ ಹಳೇ ಹೆಸರು ಏನು ಗೊತ್ತೇ? ‘ಚಿನ್ನದ ಪಳ್ಳಿ’. ಹೊರಗಿನಿಂದಲೇ ನೋಡಿ. ಮನೆಯಂಗಳ, ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ನಮ್ಮ ಮನೆಯ ಜಗುಲಿಯನ್ನು ಯಾರಾದರೂ ಹಾಗೆ ತೆಗೆದರೆ ನಮಗೆ ಹೇಗಾಗುತ್ತದೆ? ಬದಲಿಗೆ ದಾರಿ ಕೇಳಿ, ‘ಶಾವಿಗೆ ಬಿರಿಯಾನಿ ಹೇಗೆ ಮಾಡ್ತೀರಿ ಅಕ್ಕಾ?’ ಅಂತ ಕೇಳಿ ನೋಡಿ. ಅಡಿಗೆಯ ಮಾತು ಬಂದ ಮೇಲೆ ಹೆಂಗಸರ ನಡುವೆ ಗೋಡೆ ಎಲ್ಲಿ ಉಳಿಯುತ್ತದೆ!

ಊಟ ಮಾಡಿ ಮೂರರವರೆಗೆ ವಿಶ್ರಾಂತಿ. ಆಮೇಲೆ ಬಂದರಿಗೆ ಆಟೋ ಮಾಡಿ, ಅಷ್ಟು ದೂರ ಬಿಸಿಲಿನಲ್ಲಿ ನಡೆಯುವುದು ಬೇಡ. ಶರಾಬಿ ಹೊಳೆ ಸಮುದ್ರ ಸೇರುವ ಕಡೆ ದೋಣಿಗಳು, ಗುಡ್ಡದ ಮೇಲೆ ದೀಪಸ್ತಂಭ. ಒಳಗೆ ಬಿಡುವ ವೇಳೆಯನ್ನು ಅಲ್ಲೇ ವಿಚಾರಿಸಿ. ಅಲ್ಲಿ ಕೂತು ಚೆನ್ನಭೈರಾದೇವಿಯನ್ನು ನೆನೆಯಿರಿ. 1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಈ ಸೀಮೆಯನ್ನು ಆಳಿದ ಅವಳನ್ನು ಪೋರ್ತುಗೀಸರು ‘ಮೆಣಸಿನ ರಾಣಿ’ ಅನ್ನುತ್ತಿದ್ದರು. ಈ ಊರಿನಲ್ಲಿ 1637ರ ಮೂರು ಯೂರೋಪಿಯನ್ನರ ಗೋರಿಗಳೂ ಇವೆ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ. ವ್ಯಾಪಾರಕ್ಕೆಂದು ಕಡಲು ದಾಟಿದವರು ಮರಳಲಿಲ್ಲ. ಗಂಡ ಮಕ್ಕಳನ್ನು ಗಲ್ಫಿಗೆ ಕಳಿಸಿ ಫೋನಿಗೆ ಕಾಯುವ ಇಲ್ಲಿನ ತಾಯಂದಿರಿಗೆ ಆ ಕಲ್ಲುಗಳ ಭಾಷೆ ಯಾರೂ ಹೇಳಿಕೊಡಬೇಕಿಲ್ಲ.

ಮುರ್ಡೇಶ್ವರ, ಹಾಡುವಳ್ಳಿಯ ಬಸದಿಗಳನ್ನು ಇದೇ ದಿನಕ್ಕೆ ಸೇರಿಸಬೇಡಿ. ಗಡಿಬಿಡಿಯಲ್ಲಿ ಹತ್ತು ನೋಡುವುದಕ್ಕಿಂತ ನಿಧಾನಕ್ಕೆ ನಾಲ್ಕು ನೋಡುವುದು ಮೇಲು. ಕತ್ತಲಾಗುವ ಮೊದಲೇ ಬಸ್ ಹಿಡಿಯಿರಿ, ಹೊರಡುವಾಗ ಒಂದು ದಂಡೆ ಭಟ್ಕಳ ಮಲ್ಲಿಗೆ ಕೊಳ್ಳಿ. ಅದನ್ನು ಬೆಳೆದು ಕಟ್ಟುವವರಲ್ಲಿ ಎಷ್ಟೋ ಜನ ನಮ್ಮ ಹಾಗೆ ಮನೆ ನಡೆಸುವ ಹೆಂಗಸರೇ.

ನಾಲ್ಕು ಜನ ಗೆಳತಿಯರು ಸೇರಿ ಇವತ್ತೇ ಕ್ಯಾಲೆಂಡರಿನಲ್ಲಿ ಒಂದು ದಿನ ಗುರುತು ಹಾಕಿ. ಹೋಗಿ ಬಂದವರು ಎರಡು ಸಾಲು ಬರೆಯುತ್ತೀರಲ್ಲ?